ಮಗಳ ಸೈಕಲ್ ಸವಾರಿಗೆ ಹೆಲ್ಮೆಟ್: ಥರ್ಮೋಕೋಲಿನ ಈ ಟೊಪ್ಪಿಗೆ ನಿಜಕ್ಕೂ ತಲೆ ಕಾಯುತ್ತದೆಯೇ?

ಕೆರೆದಂಡೆ (ಪ್ರಶ್ನೆ)

ನಮ್ಮ ಮನೆ ಧಾರವಾಡದಲ್ಲಿದೆ. ಮಗಳು ಈ ವರ್ಷ ಎಂಟನೆಯ ತರಗತಿಗೆ ಬಂದಿದ್ದಾಳೆ. ಮೂರು ಕಿಲೋಮೀಟರ್ ದೂರದ ಶಾಲೆಗೆ ಜೂನ್ ತಿಂಗಳಿನಿಂದ ಸೈಕಲ್ಲಿನಲ್ಲಿಯೇ ಹೋಗಿ ಬರುತ್ತಿದ್ದಾಳೆ. ಈ ಊರಿನ ಏರಿಳಿತಗಳನ್ನು ಬಲ್ಲವರಿಗೆ ನಾನು ವಿವರಿಸಬೇಕಾಗಿಲ್ಲ. ಅವಳಿಗೆ ಹೋಗುವಾಗ ಇಳಿಜಾರು, ಬರುವಾಗ ಏರು. ಕಳೆದ ತಿಂಗಳು ನಮ್ಮ ಓಣಿಯ ಹುಡುಗನೊಬ್ಬ ಅದೇ ಇಳಿಜಾರಿನ ತಿರುವಿನಲ್ಲಿ, ಯಾರೋ ಮನೆ ಕಟ್ಟಿಸಲು ತರಿಸಿ ರಸ್ತೆಯ ಬದಿಗೆ ಸುರಿಸಿದ್ದ ಮರಳಿನ ಮೇಲೆ ಜಾರಿ ಬಿದ್ದು, ಗಟಾರದ ಅಂಚುಕಲ್ಲಿಗೆ ತಲೆ ಬಡಿಸಿಕೊಂಡ. ಯಾವ ವಾಹನವೂ ಅವನಿಗೆ ತಾಗಿರಲಿಲ್ಲ, ಅವನ ವೇಗವೂ ಹೆಚ್ಚಿರಲಿಲ್ಲ. ಮೂರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಮರಳಿದ್ದಾನೆ, ಚೇತರಿಸಿಕೊಳ್ಳುತ್ತಿದ್ದಾನೆ.

ಅದಾದ ಮೇಲೆ ನಾನು ಪೇಟೆಗೆ ಹೋಗಿ ನಾನೂರೈವತ್ತು ರೂಪಾಯಿ ಕೊಟ್ಟು ಒಂದು ಸೈಕಲ್ ಹೆಲ್ಮೆಟ್ ತಂದೆ. ಅದನ್ನು ನೋಡಿದ ನಮ್ಮ ಯಜಮಾನರ ಸಹೋದ್ಯೋಗಿಯೊಬ್ಬರು ಒಳಭಾಗವನ್ನು ಉಗುರಿನಿಂದ ಒತ್ತಿ, "ಇದು ಟಿ.ವಿ. ಪೆಟ್ಟಿಗೆಯ ಥರ್ಮೋಕೋಲು, ಕೈಯಲ್ಲೇ ಮುರಿಯುತ್ತದೆ, ಇದು ತಲೆ ಕಾಯುವುದುಂಟೇ" ಎಂದು ನಕ್ಕರು. ಅಂಗಡಿಯವರನ್ನು ಕೇಳಿದರೆ ಎಲ್ಲ ಹೆಲ್ಮೆಟ್ಟುಗಳೂ ಒಂದೇ ಎನ್ನುತ್ತಾರೆ. ಮನೆಯಲ್ಲಿ ಸ್ಕೂಟರಿಗೆಂದು ತಂದ ಅರ್ಧ ಹೆಲ್ಮೆಟ್ ಒಂದಿದೆ. ಅದನ್ನೇ ಅವಳಿಗೆ ಕೊಡಬಹುದೇ? ಇಲ್ಲವೇ, ಈಗ ತಂದ ಸೈಕಲ್ ಹೆಲ್ಮೆಟ್ಟನ್ನೇ ಅವಳು ನನ್ನ ಸ್ಕೂಟರಿನ ಹಿಂದೆ ಕೂತಾಗಲೂ ಹಾಕಿಕೊಳ್ಳಬಹುದೇ? ಕೊನೆಯ ತೊಡಕೆಂದರೆ, ಎರಡು ಜಡೆ ಹೆಣೆದು ರಿಬ್ಬನ್ ಕಟ್ಟಿದ ತಲೆಗೆ ಅದು ಕೂಡುವುದೇ ಇಲ್ಲ, ಗೆಳತಿಯರು ನಗುತ್ತಾರೆ ಎಂದು ಅವಳು ಗೇಟಿನಾಚೆ ಹೋದೊಡನೆ ಅದನ್ನು ತೆಗೆದು ಹ್ಯಾಂಡಲ್ಲಿಗೆ ನೇತುಹಾಕುತ್ತಾಳೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಗುರುತ್ವ

ನಾನು ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವನು, ಆದ್ದರಿಂದ ಥರ್ಮೋಕೋಲಿನ ಮಾತಿಗೆ ಮಾತ್ರ ಉತ್ತರಿಸುತ್ತೇನೆ.

ನಿಮ್ಮ ಯಜಮಾನರ ಸಹೋದ್ಯೋಗಿಗಳು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಅದು ಟಿ.ವಿ. ಪೆಟ್ಟಿಗೆಯೊಳಗೆ ಬರುವ ಬಿಳಿ ವಸ್ತುವಿನ ಕುಲಕ್ಕೇ ಸೇರಿದ, ಅದಕ್ಕಿಂತ ದಟ್ಟವಾಗಿ ಅಚ್ಚಿನಲ್ಲಿ ಉಬ್ಬಿಸಿ ಮಾಡಿದ ಪಾಲಿಸ್ಟೈರೀನ್. ಅದು ಮುರಿಯುತ್ತದೆ ಎಂಬುದನ್ನು ದೋಷವೆಂದು ಎಣಿಸಿದ್ದರಲ್ಲಿ ಅವರು ತಪ್ಪಿದ್ದಾರೆ. ಮುರಿಯುವುದು, ಇನ್ನೂ ಸರಿಯಾಗಿ ಹೇಳಬೇಕೆಂದರೆ ಜಜ್ಜಿಹೋಗುವುದು, ಅದಕ್ಕೆ ಒಪ್ಪಿಸಿದ ಕೆಲಸ. 1975ರಲ್ಲಿ ಅಮೆರಿಕದ ಬೆಲ್ ಕಂಪನಿಯು ಈ ವಸ್ತುವನ್ನು ಒಳಗಿಟ್ಟು ಸೈಕಲ್ಲಿಗೆಂದೇ ಹೆಲ್ಮೆಟ್ ಮಾಡುವವರೆಗೆ, ಸ್ಪರ್ಧಿಗಳು ಸಹ ಹತ್ತಿ ತುಂಬಿದ ಚರ್ಮದ ಪಟ್ಟಿಗಳನ್ನೇ ತಲೆಗೆ ಕಟ್ಟಿಕೊಳ್ಳುತ್ತಿದ್ದರು; ಆ ಪಟ್ಟಿಗಳು ಮುರಿಯುತ್ತಿರಲಿಲ್ಲ, ತಲೆಯನ್ನು ಹೆಚ್ಚಾಗಿ ಕಾಯುತ್ತಲೂ ಇರಲಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಸೈಕಲ್ಲಿನ ಮೇಲೆ ಕೂತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅಷ್ಟು ಎತ್ತರದಿಂದ ಬೀಳುವ ಯಾವುದೇ ವಸ್ತು ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 5.42 ಮೀಟರ್, ಅಂದರೆ ಗಂಟೆಗೆ ಹತ್ತೊಂಬತ್ತೂವರೆ ಕಿಲೋಮೀಟರ್ ಆಗಿರುತ್ತದೆ. ಇದಕ್ಕೂ ಸೈಕಲ್ಲಿನ ಓಟಕ್ಕೂ ಸಂಬಂಧವಿಲ್ಲ. ನಿಂತ ಸೈಕಲ್ಲಿನಿಂದ ಪಕ್ಕಕ್ಕೆ ಉರುಳಿದರೂ ತಲೆ ಹೆಚ್ಚುಕಡಿಮೆ ಇದೇ ವೇಗದಲ್ಲಿ ನೆಲಕ್ಕೆ ಬಡಿಯಬಲ್ಲದು. ಆ ವೇಗವನ್ನು ಎಷ್ಟು ದೂರದೊಳಗೆ ಸೊನ್ನೆಗೆ ಇಳಿಸುತ್ತೇವೆ ಎಂಬುದರ ಮೇಲೆ ಉಳಿದೆಲ್ಲವೂ ನಿಂತಿದೆ. ಬರಿತಲೆ ಕಲ್ಲಿಗೆ ಬಡಿದರೆ ನೆತ್ತಿಯ ಚರ್ಮವೂ ಮೂಳೆಯ ಅಲ್ಪ ಬಾಗುವಿಕೆಯೂ ಸೇರಿ ಮೂರು ಮಿಲಿಮೀಟರ್ ಅವಕಾಶ ಕೊಡುತ್ತವೆ ಎಂದುಕೊಳ್ಳಿ. 1,500 ಮಿಲಿಮೀಟರ್ ಬಿದ್ದದ್ದನ್ನು ಮೂರು ಮಿಲಿಮೀಟರಿನಲ್ಲಿ ನಿಲ್ಲಿಸಬೇಕಾದರೆ ಗುರುತ್ವದ ಐನೂರು ಪಟ್ಟು ವೇಗಕುಸಿತ ಬೇಕಾಗುತ್ತದೆ. ನಡುವೆ ಹೆಲ್ಮೆಟ್ಟಿನ ಥರ್ಮೋಕೋಲ್ ಇದ್ದು ಅದು ಹದಿನೈದು ಮಿಲಿಮೀಟರಿನಷ್ಟು ಜಜ್ಜಿಹೋದರೆ ಅದೇ ಸರಾಸರಿ ನೂರು ಪಟ್ಟಿಗೆ ಇಳಿಯುತ್ತದೆ. ಮರದಿಂದ ಬಿದ್ದ ತೆಂಗಿನಕಾಯಿ ಬಂಡೆಯ ಮೇಲೆ ಹೋಳಾಗುವುದೂ ಹುಲ್ಲಿನ ಮೆದೆಯ ಮೇಲೆ ಇಡಿಯಾಗಿ ಉಳಿಯುವುದೂ ಇದೇ ಲೆಕ್ಕದಿಂದ. ಹೆಲ್ಮೆಟ್ ಎಂದರೆ ತಲೆಯೊಡನೆಯೇ ಹೊತ್ತು ತಿರುಗುವ ಒಂದು ಸಣ್ಣ ಮೆದೆ.

ಯುರೋಪಿನ ಇಎನ್ 1078 ಎಂಬ ಮಾನದಂಡವು ಪರೀಕ್ಷಿಸುವುದು ಬಹುಮಟ್ಟಿಗೆ ಇದನ್ನೇ. ಲೋಹದ ತಲೆಯೊಂದಕ್ಕೆ ಹೆಲ್ಮೆಟ್ ತೊಡಿಸಿ, ಚಪ್ಪಟೆ ಉಕ್ಕಿನ ಮೇಲೆ ಸೆಕೆಂಡಿಗೆ 5.42 ಮೀಟರ್ ವೇಗದಲ್ಲೂ, ರಸ್ತೆಯ ಅಂಚುಕಲ್ಲಿನಂತೆ ಕಡೆದ ಉಕ್ಕಿನ ಮೇಲೆ 4.57 ಮೀಟರ್ ವೇಗದಲ್ಲೂ ಬೀಳಿಸುತ್ತಾರೆ. ಒಳಗಿನ ತಲೆ ಅನುಭವಿಸುವ ಗರಿಷ್ಠ ವೇಗಕುಸಿತ ಗುರುತ್ವದ 250 ಪಟ್ಟನ್ನು ಮೀರಕೂಡದು. ನಿಮ್ಮ ಓಣಿಯ ಹುಡುಗ ಬಿದ್ದ ಬಗೆಯನ್ನು ಓದಿದಾಗ ಈ ಎರಡನೆಯ ಪರೀಕ್ಷೆಯೇ ನನಗೆ ನೆನಪಾಯಿತು. 1999ರ ಮಾರ್ಚಿನಿಂದ ಜಾರಿಯಲ್ಲಿರುವ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ (ಸಿಪಿಎಸ್‌ಸಿ) ನಿಯಮದಲ್ಲಿ ಚಪ್ಪಟೆ ಉಕ್ಕಿನ ಮೇಲಿನ ಬೀಳು ಎರಡು ಮೀಟರ್ ಎತ್ತರದ್ದು, ಅಲ್ಲಿನ ಮಿತಿ 300 ಪಟ್ಟು.

ಇಳಿಜಾರಿನಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರ್ ಓಡುತ್ತಿದ್ದರೆ ಈ ಪರೀಕ್ಷೆಗೆ ಅರ್ಥವೇನು ಎಂದು ನನ್ನ ವಿದ್ಯಾರ್ಥಿಗಳು ಕೇಳುವುದುಂಟು. ರಸ್ತೆಯ ಉದ್ದಕ್ಕಿರುವ ಆ ವೇಗ ನೆಲಕ್ಕೆ ಗುದ್ದುವುದಿಲ್ಲ, ನೆಲದ ಮೇಲೆ ಜಾರಿಸುತ್ತದೆ. ಗುದ್ದುವುದು ಎತ್ತರದಿಂದ ಬಂದ ಭಾಗ. ಹೊರಗಿನ ತೆಳ್ಳನೆಯ ಪ್ಲಾಸ್ಟಿಕ್ ಕವಚ ನುಣ್ಣಗೆ ಗುಂಡಗೆ ಇರುವುದು ಅಂದಕ್ಕಾಗಿ ಅಷ್ಟೇ ಅಲ್ಲ; ಅದು ಡಾಂಬರನ್ನು ಕಚ್ಚದೆ ಜಾರಬೇಕು. ಕಚ್ಚಿದರೆ ತಲೆ ಥಟ್ಟನೆ ತಿರುಚಿಕೊಳ್ಳುತ್ತದೆ, ತಿರುಚಿಕೊಂಡ ಮಿದುಳಿಗೆ ನೇರ ಗುದ್ದಿಗಿಂತ ಹೆಚ್ಚು ಅಪಾಯ. ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೋಲ್ಬರ್ನ್ ಇದನ್ನು 1943ರಷ್ಟು ಹಿಂದೆಯೇ ಜೆಲಾಟಿನ್ ತುಂಬಿದ ಮಾದರಿಗಳಿಂದ ತೋರಿಸಿದ್ದರು. ಈಗ ಸ್ವೀಡನ್ನಿನ ಮಿಪ್ಸ್ ಎಂಬ ಹಳದಿ ಗುರುತಿನ ಹೆಲ್ಮೆಟ್ಟುಗಳಲ್ಲಿ, ಪೆಟ್ಟು ಬಿದ್ದಾಗ ಹತ್ತು ಹದಿನೈದು ಮಿಲಿಮೀಟರ್ ಜಾರಬಲ್ಲ ಒಳಪದರವೊಂದು ಇದೇ ತಿರುಚನ್ನು ತಗ್ಗಿಸಲೆಂದು ಇರುತ್ತದೆ. ಬೆಲೆ ಹೆಚ್ಚು. ಶಾಲೆಗೆ ಹೋಗಿಬರಲು ಅದಿಲ್ಲದಿದ್ದರೆ ಆಗದು ಎಂದು ನಾನು ಹೇಳಲಾರೆ.

ಒಂದು ಮಾತು ಬಾಕಿ ಇದೆ. ಒಮ್ಮೆ ಜಜ್ಜಿಹೋದ ಥರ್ಮೋಕೋಲ್ ಮತ್ತೆ ಉಬ್ಬುವುದಿಲ್ಲ. ಬಿದ್ದಾಗ ತಲೆ ತಾಗಿದ ಹೆಲ್ಮೆಟ್ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಅದರ ಆಯುಷ್ಯ ಅಲ್ಲಿಗೆ ಮುಗಿಯಿತು, ತಮ್ಮನಿಗೆ ದಾಟಿಸಬೇಡಿ.

ಎಡಬದಿ

ಲೆಕ್ಕವೆಲ್ಲ ಸರಿ. ಆದರೆ ಹುಡುಗ ಬಿದ್ದದ್ದು ಮರಳಿನಿಂದ ಎಂಬುದನ್ನು ಈ ಚರ್ಚೆ ಆಗಲೇ ಮರೆತಿದೆ. ನೆದರ್ಲೆಂಡ್ಸಿನಲ್ಲಿ ಶಾಲೆಯ ಮಕ್ಕಳು, ಮುದುಕರು, ಮಂತ್ರಿಗಳು ಎಲ್ಲರೂ ಸೈಕಲ್ ತುಳಿಯುತ್ತಾರೆ, ಹೆಲ್ಮೆಟ್ ಹಾಕುವವರು ವಿರಳ. ಆದರೂ ಸೈಕಲ್ ಸವಾರಿಗೆ ಅಷ್ಟು ಸುರಕ್ಷಿತವಾದ ದೇಶಗಳು ಕೆಲವೇ. 1970ರ ದಶಕದಲ್ಲಿ ಮಕ್ಕಳ ಸಾವುಗಳಿಂದ ಕಂಗೆಟ್ಟ ತಂದೆತಾಯಿಗಳು ಅಲ್ಲಿ ಬೀದಿಗಿಳಿದು ಕೇಳಿದ್ದು ಬೇರೆ ಪಥಗಳನ್ನು, ನಿಧಾನದ ಬೀದಿಗಳನ್ನು. ನಮ್ಮಲ್ಲಿ ಬೆಂಗಳೂರಿನ ಜಯನಗರದಲ್ಲಿ 2012ರಲ್ಲಿ ಬಣ್ಣ ಬಳಿದು ಗುರುತಿಸಿದ ಸೈಕಲ್ ಪಥಗಳು ಕಾರು ನಿಲ್ಲಿಸುವ ಜಾಗಗಳಾದುದನ್ನು ಎಲ್ಲರೂ ಕಂಡಿದ್ದೇವೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ ತಮ್ಮ ಸೈಕಲ್ಲಿಗೆ ಅಳತೆಯ ಉಪಕರಣ ಕಟ್ಟಿಕೊಂಡು 2006ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಹೆಲ್ಮೆಟ್ ಧರಿಸಿದಾಗ ಹಿಂದಿನಿಂದ ಬರುವ ವಾಹನಗಳು ಸರಾಸರಿ ಎಂಟೂವರೆ ಸೆಂಟಿಮೀಟರಿನಷ್ಟು ಹೆಚ್ಚು ಸಮೀಪಕ್ಕೆ ಬಂದು ದಾಟುತ್ತಿದ್ದವು. ತಲೆಗೆ ಕವಚ ತೊಡಿಸಿ ನಮ್ಮ ಹೊಣೆ ತೀರಿತೆಂದು ರಸ್ತೆಯನ್ನು ಇದ್ದಂತೆಯೇ ಬಿಡುವುದು ನನಗೆ ಒಪ್ಪಿಗೆಯಾಗದು.

ರಾತ್ರಿಪಾಳಿ

ನಾನು ತುರ್ತುಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ. ಎಡಬದಿಯವರ ಸಿಟ್ಟು ನನಗೂ ಇದೆ. ಆದರೆ ನನ್ನ ಮುಂದೆ ಮಲಗಿಸುವ ಮಗುವಿಗೆ ರಸ್ತೆ ಸರಿಹೋಗುವವರೆಗೆ ಕಾಯಲು ಸಮಯವಿರುವುದಿಲ್ಲ.

ಮೊದಲು ತಾಯಿಯವರು ತಿಳಿದಿರಬೇಕಾದ ಒಂದು ಸಂಗತಿ, ಏಕೆಂದರೆ ಇದು ಹೆಲ್ಮೆಟ್ ಕೊಳ್ಳುವುದಕ್ಕಿಂತಲೂ ತುರ್ತಿನದು. ಕಿವಿಯ ಮೇಲ್ಭಾಗದ ಕಣತಲೆಯ ಮೂಳೆ ತಲೆಬುರುಡೆಯಲ್ಲಿಯೇ ತೆಳುವಾದದ್ದು, ಅದರ ಒಳಮೈಗೆ ಅಂಟಿಕೊಂಡು ರಕ್ತನಾಳವೊಂದು ಹಾದುಹೋಗುತ್ತದೆ. ಪಕ್ಕಕ್ಕೆ ಬಿದ್ದು ಅಲ್ಲಿ ಮೂಳೆ ಬಿರುಕುಬಿಟ್ಟರೆ ಆ ನಾಳ ಹರಿದು, ಮೂಳೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತ ತುಂಬತೊಡಗುತ್ತದೆ. ಇಂಥ ಮಗು ಬಿದ್ದೊಡನೆ ಕ್ಷಣಕಾಲ ಎಚ್ಚರ ತಪ್ಪಿ, ಮತ್ತೆ ಎದ್ದು ಕೂತು, ಏನೂ ಆಗಿಲ್ಲವೆಂದು ಹೇಳಿ ಮನೆಗೆ ನಡೆದು ಬರಬಹುದು. ಕೆಲವು ಗಂಟೆಗಳ ಮೇಲೆ ಮಂಪರು ಕವಿಯುತ್ತದೆ. ಸುಸ್ತಾಗಿ ಮಲಗಿದ್ದಾನೆ, ಎಬ್ಬಿಸುವುದು ಬೇಡ ಎಂದು ಮನೆಯವರು ಬಾಗಿಲು ಎಳೆದುಕೊಳ್ಳುವುದು ಇಂಥ ಹೊತ್ತಿನಲ್ಲಿಯೇ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಕಣ್ಣೆಳೆಯುವುದು, ಮಾತಿನ ತೊದಲು, ಎರಡು ಕಣ್ಣಿನ ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ, ಫಿಟ್ಸ್, ಕಿವಿಯಿಂದಲೋ ಮೂಗಿನಿಂದಲೋ ನೀರಿನಂಥ ದ್ರವ ಸೋರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವುದನ್ನು ಕಾಯದೆ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಬೇಕು. ಹೆಲ್ಮೆಟ್ ಹಾಕಿದ್ದನೆಂಬ ಕಾರಣಕ್ಕೆ ಇದನ್ನು ಕಡೆಗಣಿಸುವಂತಿಲ್ಲ.

ಇನ್ನು ಹೆಲ್ಮೆಟ್ ಎಷ್ಟು ಕಾಯುತ್ತದೆ ಎಂಬ ಪ್ರಶ್ನೆ. 1989ರಲ್ಲಿ ಅಮೆರಿಕದ ಸಿಯಾಟಲ್ ನಗರದ ಆಸ್ಪತ್ರೆಗಳಿಗೆ ಬಂದ ಸೈಕಲ್ ಸವಾರರನ್ನು ಹೋಲಿಸಿದ ಅಧ್ಯಯನವೊಂದು ಪ್ರಕಟವಾಯಿತು. ತಲೆಗೆ ಪೆಟ್ಟಾದವರಲ್ಲಿ ಶೇಕಡಾ 7 ಮಂದಿ ಹೆಲ್ಮೆಟ್ ಧರಿಸಿದ್ದರೆ, ಬಿದ್ದು ಬೇರೆಡೆ ಗಾಯವಾಗಿ ಬಂದವರಲ್ಲಿ ಶೇಕಡಾ 24 ಮಂದಿ ಧರಿಸಿದ್ದರು. ಅದರಿಂದ ತಲೆಪೆಟ್ಟಿನ ಸಂಭವ ಶೇಕಡಾ 85ರಷ್ಟು ತಗ್ಗುತ್ತದೆ ಎಂದು ಲೆಕ್ಕಹಾಕಿದರು. ಜಾಹೀರಾತುಗಳಲ್ಲಿ ಇಂದಿಗೂ ತಿರುಗುತ್ತಿರುವುದು ಆ ಅಂಕಿ. ನಾನು ಅದನ್ನು ಹೇಳುವುದಿಲ್ಲ, ಏಕೆಂದರೆ ಆ ಕಾಲದಲ್ಲಿ ಹೆಲ್ಮೆಟ್ ಕೊಳ್ಳುತ್ತಿದ್ದವರು ಬೇರೆ ವಿಷಯಗಳಲ್ಲೂ ಜಾಗರೂಕರಾಗಿದ್ದಿರಬಹುದು, ಅವರು ಬೀಳುತ್ತಿದ್ದ ಬಗೆಯೇ ಬೇರೆಯಿದ್ದಿರಬಹುದು. 2016ರಲ್ಲಿ ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ನಲವತ್ತು ಅಧ್ಯಯನಗಳನ್ನು, ಗಾಯಗೊಂಡ 64,000ಕ್ಕೂ ಹೆಚ್ಚು ಸವಾರರ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ ದೊರೆತದ್ದು ಇನ್ನಷ್ಟು ಸಂಯಮದ ಚಿತ್ರ. ಹೆಲ್ಮೆಟ್ ಇದ್ದವರಲ್ಲಿ ಒಟ್ಟಾರೆ ತಲೆಪೆಟ್ಟಿನ ಸಂಭವ ಶೇಕಡಾ 51ರಷ್ಟು, ಗಂಭೀರ ತಲೆಪೆಟ್ಟಿನದು 69ರಷ್ಟು, ಮುಖದ ಗಾಯದ್ದು 33ರಷ್ಟು ಕಡಿಮೆಯಿತ್ತು. ಕತ್ತಿನ ಗಾಯ ಹೆಚ್ಚುತ್ತದೆ ಎಂಬ ಹಳೆಯ ಅನುಮಾನಕ್ಕೆ ಆಧಾರ ಸಿಗಲಿಲ್ಲ. ಈ ಅಂಕಿಗಳು ಬಿದ್ದು ಗಾಯಗೊಂಡವರಿಗೆ ಸಂಬಂಧಿಸಿದವು ಎಂಬುದನ್ನು ಗಮನಿಸಿ. ಬೀಳುವುದನ್ನೇ ಹೆಲ್ಮೆಟ್ ತಪ್ಪಿಸಲಾರದು. ಲಾರಿಯ ಚಕ್ರದಡಿಯಲ್ಲಿ ಅದರಿಂದ ಏನೂ ಆಗದು. ಮಿದುಳು ಅಲುಗಿ ಕೆಲವು ದಿನ ತಲೆಸುತ್ತು, ಮರೆವು ಕಾಡುವ ಲಘು ಪೆಟ್ಟನ್ನು ಸಹ ಅದು ಪ್ರತಿ ಸಲ ತಡೆಯುತ್ತದೆಂಬ ಭರವಸೆ ಇಲ್ಲ.

ವಾಕರ್ ಅವರ ಅಳತೆಗಳ ಬಗ್ಗೆಯೂ ಒಂದು ಮಾತು. ಅದೇ ಅಂಕಿಗಳನ್ನು ಬೇರೆಯವರು 2013ರಲ್ಲಿ ಮತ್ತೆ ವಿಶ್ಲೇಷಿಸಿ, ಅಪಾಯವೆನ್ನುವಷ್ಟು ಸಮೀಪದ ದಾಟುಗಳಿಗೂ ಹೆಲ್ಮೆಟ್ಟಿಗೂ ನಂಟು ಕಾಣುವುದಿಲ್ಲ ಎಂದಿದ್ದಾರೆ. ವಾದ ಮುಗಿದಿಲ್ಲ, ಆದರೆ ಆ ಎಂಟೂವರೆ ಸೆಂಟಿಮೀಟರನ್ನು ನಂಬಿ ಮಗುವಿನ ತಲೆಯಿಂದ ಹೆಲ್ಮೆಟ್ ತೆಗೆಯಲು ನಾನು ಸಿದ್ಧಳಿಲ್ಲ.

ಯಾರ್ರಾ ತೀರ

ನಾನು ಮೂಲತಃ ಹಾಸನದವನು, ಹಲವು ವರ್ಷಗಳಿಂದ ಮೆಲ್ಬರ್ನಿನಲ್ಲಿದ್ದೇನೆ. ಸೈಕಲ್ ಸವಾರರೆಲ್ಲರೂ ಹೆಲ್ಮೆಟ್ ಧರಿಸಲೇಬೇಕೆಂದು ಕಾನೂನು ಮಾಡಿದ ಮೊದಲ ಪ್ರಾಂತ ನಮ್ಮ ವಿಕ್ಟೋರಿಯಾ; ಅದು ಜಾರಿಗೆ ಬಂದದ್ದು 1990ರ ಜುಲೈ 1ರಂದು. ನ್ಯೂಜಿಲೆಂಡ್ 1994ರಲ್ಲಿ ಇದೇ ದಾರಿ ಹಿಡಿಯಿತು. ಕಾನೂನಿಗೆ ಮುಂಚೆ ಇಲ್ಲಿ ಶೇಕಡಾ 31ರಷ್ಟು ಮಂದಿ ಹೆಲ್ಮೆಟ್ ಹಾಕುತ್ತಿದ್ದರು, ಒಂದೇ ವರ್ಷದಲ್ಲಿ ಅದು 75ಕ್ಕೆ ಏರಿತು. ತಲೆಪೆಟ್ಟಿನಿಂದ ಆಸ್ಪತ್ರೆ ಸೇರುವವರೂ ಕಡಿಮೆಯಾದರು. ಆದರೆ ಅದೇ ಸಮೀಕ್ಷೆಗಳಲ್ಲಿ, ಸೈಕಲ್ ತುಳಿಯುವ ಹದಿಹರೆಯದವರ ಸಂಖ್ಯೆಯೇ ಗಣನೀಯವಾಗಿ ಇಳಿದದ್ದೂ ಕಂಡುಬಂತು. ಪೆಟ್ಟು ತಗ್ಗಿದ್ದರಲ್ಲಿ ಹೆಲ್ಮೆಟ್ಟಿನ ಪಾಲೆಷ್ಟು, ಸೈಕಲ್ಲನ್ನೇ ಬಿಟ್ಟವರ ಪಾಲೆಷ್ಟು, ಅದೇ ಹೊತ್ತಿಗೆ ಬಿಗಿಗೊಂಡ ಕುಡಿತ ಮತ್ತು ವೇಗದ ತಪಾಸಣೆಯ ಪಾಲೆಷ್ಟು ಎಂಬ ಜಗಳ ಮೂರು ದಶಕಗಳಾದರೂ ಇಲ್ಲಿನ ಪತ್ರಿಕೆಗಳಲ್ಲಿ ತಣ್ಣಗಾಗಿಲ್ಲ. ದಂಡವಂತೂ ಈಗ ಇನ್ನೂರು ಡಾಲರ್ ದಾಟಿದೆ.

2010ರಲ್ಲಿ ನಗರದಲ್ಲಿ ಬಾಡಿಗೆ ಸೈಕಲ್ ವ್ಯವಸ್ಥೆ ಶುರುವಾದಾಗ ಈ ಕಾನೂನೇ ಅದರ ಕಾಲಿಗೆ ತೊಡರಿತು. ದಾರಿಯಲ್ಲಿ ಸೈಕಲ್ ಸಿಗುತ್ತಿತ್ತು, ಹೆಲ್ಮೆಟ್ ಸಿಗುತ್ತಿರಲಿಲ್ಲ. ಐದು ಡಾಲರಿಗೆ ಅಂಗಡಿಗಳಲ್ಲಿ ಮಾರಿಸಿ ನೋಡಿದರು, ಸೈಕಲ್ಲಿನ ಮೇಲೆಯೇ ಇಟ್ಟು ನೋಡಿದರು, ಕಡೆಗೆ 2019ರಲ್ಲಿ ಆ ವ್ಯವಸ್ಥೆಯನ್ನೇ ನಿಲ್ಲಿಸಿದರು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಮೆಕ್ಸಿಕೋ ನಗರವು 2010ರಲ್ಲಿ ತನ್ನ ಬಾಡಿಗೆ ಸೈಕಲ್ಲಿನ ಸಲುವಾಗಿ ಹೆಲ್ಮೆಟ್ ಕಡ್ಡಾಯವನ್ನೇ ಕೈಬಿಟ್ಟಿತು. 2017ರಲ್ಲಿ ಮೈಸೂರಿನಲ್ಲಿ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಶುರುವಾದಾಗ ಈ ತೊಡಕು ಬರಲಿಲ್ಲ, ಏಕೆಂದರೆ ನಮ್ಮ ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು ಮೋಟಾರು ಬೈಕಿನವರಿಗೆ ಸಂಬಂಧಿಸಿದ್ದು, ಸೈಕಲ್ಲಿನವರಿಗಲ್ಲ. ಅದು ಹಾಗೆಯೇ ಇರಲಿ ಎಂಬುದು, ದಂಡ ಕಟ್ಟುವ ದೇಶದಲ್ಲಿದ್ದು ನಾನು ಕಂಡುಕೊಂಡ ಅಭಿಪ್ರಾಯ. 2006–07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ, ದೂರದ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳ ಓದು ಮುಂದುವರಿಯಲು ಅದು ನೆರವಾಯಿತು. ಆಗ ಹೆಲ್ಮೆಟ್ ಇಲ್ಲದವರಿಗೆ ದಂಡ ಎಂದಿದ್ದರೆ ಆ ಸೈಕಲ್ಲುಗಳು ಪಡಸಾಲೆಯಲ್ಲೇ ನಿಲ್ಲುತ್ತಿದ್ದವು. ಸೈಕಲ್ಲಿನ ಜೊತೆಗೇ ಒಂದು ಹೆಲ್ಮೆಟ್ ಕೊಡಬಹುದಿತ್ತಲ್ಲ ಎಂಬುದು ಬೇರೆ ಮಾತು.

ಅಂದಹಾಗೆ, ಇಲ್ಲಿ ಹೆಲ್ಮೆಟ್ಟಿಗೆ ಇನ್ನೊಂದು ಉಪಯೋಗವಿದೆ. ವಸಂತದಲ್ಲಿ ಮ್ಯಾಗ್‌ಪೈ ಎಂಬ ಕಪ್ಪುಬಿಳುಪಿನ ಹಕ್ಕಿ ಗೂಡು ಕಾಯುವಾಗ ಸೈಕಲ್ ಸವಾರರ ತಲೆಗೇ ಎರಗುತ್ತದೆ. ಅದನ್ನು ಬೆದರಿಸಲೆಂದು ದೊಡ್ಡ ದೊಡ್ಡ ಅಧಿಕಾರಿಗಳು ಸಹ ಹೆಲ್ಮೆಟ್ಟಿನ ತುಂಬ ಪ್ಲಾಸ್ಟಿಕ್ ಕಡ್ಡಿಗಳನ್ನು ಮುಳ್ಳುಹಂದಿಯಂತೆ ಸಿಕ್ಕಿಸಿಕೊಂಡು ಕಚೇರಿಗೆ ಬರುತ್ತಾರೆ. ಗೆಳತಿಯರು ನಗುತ್ತಾರೆಂಬ ಮಗಳಿಗೆ ಇದನ್ನೊಮ್ಮೆ ಹೇಳಿ.

ಹಳೇ ಚೈನು

ವಿಜಯಪುರದ ಕಡೆಯವನು, ಸೈಕಲ್ ಸ್ಪರ್ಧೆಗಳ ನಡುವೆಯೇ ಬೆಳೆದವನು. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಪದಕ ತರುವುದು ಹೊಸದಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿಯೂ ಹೆಲ್ಮೆಟ್ ಕಡ್ಡಾಯವಾದದ್ದು ಬಹಳ ತಡವಾಗಿ ಎಂಬುದು ಇಲ್ಲಿನ ಎಳೆಯರಿಗೆ ಆಶ್ಚರ್ಯ ತರುತ್ತದೆ. 1995ರ ಟೂರ್ ಡಿ ಫ್ರಾನ್ಸಿನಲ್ಲಿ ಇಟಲಿಯ ಕಸಾರ್ಟೆಲ್ಲಿ ಬರಿತಲೆಯಲ್ಲಿ ಬಿದ್ದು ತೀರಿಕೊಂಡರು, 2003ರ ಮಾರ್ಚಿನಲ್ಲಿ ಕಜಕಸ್ತಾನದ ಕಿವಿಲೆವ್ ಹಾಗೆಯೇ ಹೋದರು; ಅದಾದ ಮೇಲೆ ಆ ವರ್ಷದ ಮೇ ತಿಂಗಳಿನಲ್ಲಿ ನಿಯಮ ಬಂತು.

ಈಗ ಅಕ್ಕನವರ ಪ್ರಶ್ನೆಗಳಿಗೆ ಬರುತ್ತೇನೆ. ಎಲ್ಲ ಹೆಲ್ಮೆಟ್ಟುಗಳೂ ಒಂದೇ ಎಂದ ಅಂಗಡಿಯವರ ಮಾತು ಸುಳ್ಳು. ತಂದದ್ದರ ಒಳಭಾಗದ ಮೆತ್ತೆಯನ್ನು ಸರಿಸಿ ನೋಡಿ. ಇಎನ್ 1078 ಅಥವಾ ಸಿಪಿಎಸ್‌ಸಿ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಮುದ್ರಿಸಿದ ಚೀಟಿ, ತಯಾರಾದ ದಿನಾಂಕ, ಸೆಂಟಿಮೀಟರಿನಲ್ಲಿ ಅಳತೆ, ತೂಕ, ಇವಿಷ್ಟು ಇರಬೇಕು. ಏನೂ ಇಲ್ಲದಿದ್ದರೆ ಅದು ಆಟಿಕೆ, ಹಿಂದಿರುಗಿಸಿ. ಬೆಲೆಯನ್ನು ನೋಡಿ ಅಳೆಯಬೇಡಿ. ಹೆಚ್ಚು ಹಣ ಕೊಟ್ಟರೆ ತೂಕ ಕಡಿಮೆಯಾಗುತ್ತದೆ, ಗಾಳಿ ಹೆಚ್ಚು ಆಡುತ್ತದೆ, ಆದರೆ ಚೀಟಿ ಹೇಳುವ ಪರೀಕ್ಷೆ ಅದೇ. ಕೊಳ್ಳುವ ಮುಂಚೆ ಹೊಲಿಗೆಯ ಟೇಪಿನಿಂದ ಹುಬ್ಬಿನ ಮೇಲೆ ಒಂದು ಬೆರಳಿನಷ್ಟು ಎತ್ತರದಲ್ಲಿ ತಲೆಯ ಸುತ್ತಳತೆ ತೆಗೆದುಕೊಳ್ಳಿ. ಇನ್ನೆರಡು ವರ್ಷ ಬರಲಿ ಎಂದು ದೊಡ್ಡದನ್ನು ತರುವುದು ಸಮವಸ್ತ್ರಕ್ಕೆ ಸರಿ, ಇದಕ್ಕೆ ಸರಿಯಲ್ಲ.

ತೊಡಿಸುವಾಗ ಹೆಲ್ಮೆಟ್ ನೆಲಕ್ಕೆ ಸಮನಾಗಿ, ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ ಕೂಡಬೇಕು. ಮಕ್ಕಳು ಹಿಂದಕ್ಕೆ ವಾಲಿಸಿ ಹಾಕಿಕೊಳ್ಳುತ್ತಾರೆ. ಆಗ ಹಣೆ ಪೂರ್ತಿ ಬಯಲಾಗುತ್ತದೆ. ಎರಡು ಪಟ್ಟಿಗಳು ಕಿವಿಯ ಕೆಳಗೆ ಕೂಡಿಕೊಳ್ಳಬೇಕು, ಗದ್ದದ ಕೆಳಗೆ ಒಂದು ಬೆರಳು ಮಾತ್ರ ತೂರುವಷ್ಟು ಸಡಿಲವಿರಬೇಕು, ಬಾಯಿ ದೊಡ್ಡದಾಗಿ ತೆರೆದರೆ ಹೆಲ್ಮೆಟ್ ತಲೆಯನ್ನು ಕೆಳಕ್ಕೆ ಒತ್ತಿದಂತೆ ಅನಿಸಬೇಕು. ಪಟ್ಟಿ ಬಿಗಿಯದ ಹೆಲ್ಮೆಟ್ ತಲೆ ನೆಲ ಮುಟ್ಟುವ ಮುಂಚೆಯೇ ಗಟಾರ ಸೇರಿರುತ್ತದೆ. ಜಡೆಯ ವಿಷಯ: ಎರಡು ಜಡೆಗಳನ್ನು ಕಿವಿಯ ಹಿಂದಿನಿಂದ ಕೆಳಗಡೆ ಶುರುಮಾಡಿ ಹೆಣೆದರೆ ತೊಂದರೆಯಾಗದು, ಮಡಚಿ ಮೇಲೆತ್ತಿ ರಿಬ್ಬನ್ ಕಟ್ಟುವುದನ್ನು ಶಾಲೆ ತಲುಪಿದ ಮೇಲೆ ಮಾಡಿಕೊಳ್ಳಲಿ. ನೆತ್ತಿಯ ಮೇಲೆ ದೊಡ್ಡ ಕ್ಲಿಪ್ಪಾಗಲಿ ತುರುಬಾಗಲಿ ಇದ್ದರೆ ಹೆಲ್ಮೆಟ್ ತಲೆಯ ಮೇಲಲ್ಲ, ಕ್ಲಿಪ್ಪಿನ ಮೇಲೆ ಕೂತಿರುತ್ತದೆ.

ಹೆಲ್ಮೆಟ್ಟಿನ ಮೇಲೆ ಆಯಿಲ್ ಪೇಂಟಿನಿಂದ ಹೆಸರು ಬರೆಸಬೇಡಿ, ಪೆಟ್ರೋಲ್ ಬಟ್ಟೆಯಿಂದ ಒರೆಸಬೇಡಿ. ಪೆಟ್ರೋಲು, ಥಿನ್ನರು ಥರ್ಮೋಕೋಲನ್ನು ಬೆಲ್ಲದಂತೆ ಕರಗಿಸುತ್ತವೆ. ಇನ್ನೊಂದು, ತಮ್ಮಂದಿರು ಹೆಲ್ಮೆಟ್ ತೊಟ್ಟೇ ಜೋಕಾಲಿ, ಮರ ಹತ್ತದಂತೆ ನೋಡಿಕೊಳ್ಳಿ. ಪಟ್ಟಿ ಕೊಂಬೆಗೆ ಸಿಕ್ಕಿ ಕೊರಳು ಬಿಗಿದ ದುರಂತಗಳು ವಿದೇಶಗಳಲ್ಲಿ ನಡೆದಿವೆ; ಎಳೆಯ ಮಕ್ಕಳಿಗೆಂದು, ಜಗ್ಗಿದರೆ ತಾನೇ ಬಿಚ್ಚಿಕೊಳ್ಳುವ ಬಕಲ್ಲಿನ ಇಎನ್ 1080 ಎಂಬ ಬೇರೆ ಮಾನದಂಡವೇ ಇದೆ.

ಸ್ಕೂಟರಿನ ಅರ್ಧ ಹೆಲ್ಮೆಟ್ ಸೈಕಲ್ಲಿಗೆ ಬೇಡ. ಭಾರ, ಸೆಕೆ, ಏರಿನಲ್ಲಿ ಹುಡುಗಿ ಬೆವರಿ ಅದನ್ನು ತೆಗೆದೇ ತೆಗೆಯುತ್ತಾಳೆ. ಅದಕ್ಕೂ ಮಿಗಿಲಾಗಿ, ಬೋಗುಣಿಯಂಥ ಆ ಅರ್ಧ ಟೊಪ್ಪಿಗೆ ಸ್ಕೂಟರಿಗೂ ಯೋಗ್ಯವಲ್ಲ. ಸೈಕಲ್ ಹೆಲ್ಮೆಟ್ ಹಾಕಿಕೊಂಡು ಅವಳು ನಿಮ್ಮ ಸ್ಕೂಟರಿನ ಹಿಂದೆ ಕೂರುವುದೂ ಸರಿಯಲ್ಲ. ಅಲ್ಲಿನ ವೇಗವೇ ಬೇರೆ, ಅಲ್ಲಿ ಐಎಸ್ 4151 ಎಂದು ಐಎಸ್‌ಐ ಗುರುತಿರುವ ಹೆಲ್ಮೆಟ್ಟೇ ಬೇಕು. ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ನಿಯಮದಲ್ಲಿ ಒಂದು ವಿನಾಯಿತಿ ಇದೆ, ಬಹುಶಃ ಗೊಂದಲ ಹುಟ್ಟಿರುವುದು ಅಲ್ಲಿಂದಲೇ: ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳು ಹಿಂದೆ ಕೂತಾಗ ಮಾನದಂಡಕ್ಕೆ ಒಪ್ಪುವ ಸೈಕಲ್ ಹೆಲ್ಮೆಟ್ ಹಾಕಬಹುದು, ಆದರೆ ಆಗ ಬಂಡಿ ಗಂಟೆಗೆ ನಲವತ್ತು ಕಿಲೋಮೀಟರ್ ಮೀರಕೂಡದು. ಎಂಟನೆಯ ತರಗತಿಯ ಹುಡುಗಿಗೆ ಅದು ಅನ್ವಯಿಸುವುದಿಲ್ಲ.

ಬ್ರೇಕ್ ಶೂಗಳನ್ನು ಒಮ್ಮೆ ನೋಡಿಸಿ. ಇಳಿಜಾರಿನ ಊರಿನಲ್ಲಿ ಅವು ಬೇಗ ಸವೆಯುತ್ತವೆ. ಮರಳಿನ ಮೇಲೆ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದರೆ ಯಾರೇ ಆದರೂ ಬೀಳುತ್ತಾರೆ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ಮರಳಿನ ಮೇಲೆ ಬ್ರೇಕ್ ಮುಟ್ಟದೆ ನೇರ ಸಾಗುವುದನ್ನು ಒಂದು ಭಾನುವಾರ ಮೈದಾನದಲ್ಲಿ ಅಭ್ಯಾಸ ಮಾಡಿಸಿ.

ಕೆರೆದಂಡೆ

ಎಲ್ಲರಿಗೂ ವಂದನೆಗಳು. ಹಳೇ ಚೈನು ಅವರು ಹೇಳಿದಂತೆ ಮೆತ್ತೆ ಸರಿಸಿ ನೋಡಿದೆ. ಚೀಟಿಯೂ ಇರಲಿಲ್ಲ, ದಿನಾಂಕವೂ ಇರಲಿಲ್ಲ. ಅಂಗಡಿಯವರು ಹಣ ಹಿಂದಿರುಗಿಸಲು ಒಪ್ಪಲಿಲ್ಲ, ಆದರೆ ಆ ಮೊತ್ತವನ್ನು ಹಿಡಿದುಕೊಂಡು ಇಎನ್ 1078 ಗುರುತಿನದನ್ನು ತರಿಸಿಕೊಟ್ಟರು. ಟೇಪಿನಿಂದ ಅಳೆದರೆ ಮಗಳ ತಲೆ 54 ಸೆಂಟಿಮೀಟರ್ ಬಂತು. ನಾನು ಮೊದಲು ತಂದದ್ದು ನಮ್ಮ ಯಜಮಾನರ ತಲೆಗೆ ಕೂಡುವಂಥದು. ಬಣ್ಣವನ್ನು ಅವಳೇ ಆರಿಸಿಕೊಂಡಳು. ಮ್ಯಾಗ್‌ಪೈ ಹಕ್ಕಿಯ ಕಥೆ ಕೇಳಿ ತನಗೂ ಕಡ್ಡಿಗಳನ್ನು ಸಿಕ್ಕಿಸಿಕೊಡು ಎಂದಳು, ಅದಕ್ಕೆ ನಾನು ಒಪ್ಪಿಲ್ಲ.

ರಾತ್ರಿಪಾಳಿಯವರು ಬರೆದ ಲಕ್ಷಣಗಳನ್ನು ಕಾಗದಕ್ಕಿಳಿಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೇನೆ. ಪೆಟ್ಟಾದ ಹುಡುಗನ ತಾಯಿ ಅದನ್ನು ಓದಿ ಬಹಳ ಹೊತ್ತು ಸುಮ್ಮನಿದ್ದರು; ಅವನೂ ಅಂದು ಮನೆಗೆ ನಡೆದೇ ಬಂದಿದ್ದನಂತೆ. ಎಡಬದಿಯವರ ಮಾತೂ ಮನಸ್ಸಿನಲ್ಲಿತ್ತು. ನಿನ್ನೆ ನಾವಿಬ್ಬರೂ ಹೋಗಿ ಮನೆ ಕಟ್ಟಿಸುತ್ತಿರುವವರನ್ನು ಕಂಡೆವು. ಮರಳನ್ನು ಕಾಂಪೌಂಡಿನೊಳಗೆ ಹಾಕಿಸಲು ಸೋಮವಾರದವರೆಗೆ ಗಡುವು ಕೇಳಿದ್ದಾರೆ. ಅಲ್ಲಿಯವರೆಗೆ ಮಗಳು ಆ ತಿರುವಿನಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ಹೋಗುತ್ತಾಳೆ.